ಮುಕ್ತಿನಾಥದ ದಾರಿಯಲ್ಲಿ ಶಾಲಾಮಕ್ಕಳಿಗೆ ಉಡುಗೊರೆ: ಒಯ್ಯಬೇಕೇ, ಬೇಡವೇ, ಒಯ್ಯುವುದಾದರೆ ಹೇಗೆ?

ನೇಪಾಳದ ಪೊಖರಾದಿಂದ ಬೇನಿ, ತಾತೋಪಾನಿ, ಘಾಸಾಗಳನ್ನು ದಾಟಿ ಕಾಳಿ ಗಂಡಕಿಯ ದಂಡೆಗುಂಟ ಜೋಮ್‌ಸೋಮ್ ಕಡೆಗೆ ಏರುವ ರಸ್ತೆಯಲ್ಲಿ ಕನ್ನಡದ ಮಾತು ಕೇಳಿಬರುವುದು ಈಗ ಅಪರೂಪವೇನಲ್ಲ. ಶಾಲಿಗ್ರಾಮ ಸಿಗುವ ನದಿ, ಮುಕ್ತಿನಾಥನ ಸನ್ನಿಧಿ, ದಾರಿಯಲ್ಲಿ ಪಶುಪತಿನಾಥನ ದರ್ಶನ ಎಂದು ನಮ್ಮವರು ಗುಂಪುಗುಂಪಾಗಿ ಹೋಗುತ್ತಾರೆ. ಪಶುಪತಿನಾಥದ ಭಟ್ಟರಲ್ಲಿ ಕರ್ನಾಟಕ ಮೂಲದವರಿರುವುದೂ ಈ ಯಾತ್ರೆಗೆ ಒಂದು ಮನೆಯ ನಂಟನ್ನು ತಂದುಕೊಟ್ಟಿದೆ. ಹೀಗೆ ಹೊರಟವರ ಚೀಲದಲ್ಲಿ ಉಣ್ಣೆಯ ಟೋಪಿ, ಮಾತ್ರೆ, ಚಕ್ಕುಲಿಗಳ ಜೊತೆಗೆ "ಅಲ್ಲಿನ ಮಕ್ಕಳಿಗೆ ಕೊಡೋಣ" ಎಂದು ತುಂಬಿಕೊಂಡ ಚಾಕೊಲೇಟು, ಪೆನ್ನು, ಬಳಸಿದ ಬಟ್ಟೆಗಳ ಒಂದು ಗಂಟೂ ಇರುತ್ತದೆ. ಆ ಗಂಟನ್ನು ಏನು ಮಾಡಬೇಕು ಎಂಬುದೇ ಈ ಮಾರ್ಗದರ್ಶಿಯ ವಿಷಯ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿಯಲ್ಲಿ ಸಿಗುವ ಮಗುವಿನ ಕೈಗೆ ಏನನ್ನೂ ಕೊಡಬೇಡಿ. ಶಾಲೆಗೆ ಕೊಡುವುದಾದರೆ ಕೇಳಿ ಕೊಡಿ, ಅಲ್ಲಿಯೇ ಕೊಂಡು ಕೊಡಿ, ಮೇಷ್ಟ್ರ ಕೈಗೆ ಕೊಡಿ. ಶಾಲೆಗೆ ನಿಮ್ಮಿಂದ ಏನೂ ಬೇಕಿಲ್ಲವೆಂದಾದರೆ ಬರಿಗೈಯಲ್ಲಿ ಹೋಗಿ ಬರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೊದಲ ಹೆಜ್ಜೆ: ದಾರಿಯ ಮಗುವನ್ನೂ ಶಾಲೆಯ ಮಗುವನ್ನೂ ಬೇರೆಯಾಗಿ ನೋಡಿ

ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ವಿದೇಶಿಯರ ಹಿಂದೆ "ಸ್ಕೂಲ್ ಪೆನ್, ಸ್ಕೂಲ್ ಪೆನ್" ಎನ್ನುತ್ತಾ ಓಡುವ ಹುಡುಗರನ್ನು ಕಂಡವರಿಗೆ ನೇಪಾಳದ ಚಾರಣದ ಹಾದಿಗಳಲ್ಲಿ ಕೇಳುವ "ನಮಸ್ತೆ, ವನ್ ಪೆನ್" ಎಂಬ ಕರೆ ಹೊಸದೆನಿಸುವುದಿಲ್ಲ. ಹಂಪಿಯಲ್ಲಿ ಆ ಹುಡುಗರನ್ನು ನೋಡಿ ನಮಗೆ ಮುಜುಗರವಾಗುತ್ತದೆ, ಏಕೆಂದರೆ ಅವರು ನಮ್ಮವರು. ಮನೆಯಲ್ಲಿ ಪೆನ್ನಿಲ್ಲದೆ ಅವರು ಕೇಳುತ್ತಿಲ್ಲ, ಕೇಳಿದರೆ ಸಿಗುತ್ತದೆ ಎಂಬ ಅಭ್ಯಾಸದಿಂದ ಕೇಳುತ್ತಿದ್ದಾರೆ ಎಂಬುದು ನಮಗೆ ಗೊತ್ತಿರುತ್ತದೆ. ಗಡಿ ದಾಟಿದ ಕೂಡಲೇ ಅದೇ ನಾವು ಕೊಡುವವರ ಜಾಗದಲ್ಲಿ ನಿಂತು ಈ ತಿಳಿವಳಿಕೆಯನ್ನು ಮರೆಯುತ್ತೇವೆ.

1986ರಲ್ಲಿ ಸ್ಥಾಪನೆಯಾಗಿ 7,629 ಚದರ ಕಿಲೋಮೀಟರ್ ವಿಸ್ತಾರವಿರುವ ಅನ್ನಪೂರ್ಣ ಸಂರಕ್ಷಣಾ ಪ್ರದೇಶದಲ್ಲಿಯೇ ಮುಕ್ತಿನಾಥವೂ ಇದೆ. ಅಲ್ಲಿನ ಪ್ರವಾಸಿ ನಡಾವಳಿಯು ಮಕ್ಕಳ ಭಿಕ್ಷಾಟನೆಗೆ ಉತ್ತೇಜನ ಕೊಡಬೇಡಿ ಎಂದೇ ಕೇಳಿಕೊಳ್ಳುತ್ತದೆ. ಈ ಕೋರಿಕೆ ನೇಪಾಳಕ್ಕಷ್ಟೇ ಸೀಮಿತವೂ ಅಲ್ಲ. ಕಾಂಬೋಡಿಯಾದ ಅಂಗ್ಕೋರ್ ದೇವಾಲಯಗಳ ಆಡಳಿತವೂ ತನ್ನ ಪ್ರವಾಸಿ ನಡಾವಳಿಯಲ್ಲಿ ಮಕ್ಕಳಿಗೆ ಮಿಠಾಯಿ ಅಥವಾ ಹಣ ಕೊಡಬಾರದೆಂದೂ, ಕೊಟ್ಟರೆ ಅವರು ಶಾಲೆ ಬಿಟ್ಟು ಬೇಡುವುದಕ್ಕೆ ನಿಲ್ಲುತ್ತಾರೆಂದೂ ಸ್ಪಷ್ಟವಾಗಿ ಹೇಳಿದೆ.

ಇದರ ಹಿಂದಿನ ಕಾರಣಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ಹಲ್ಲು. ದಂತವೈದ್ಯರನ್ನು ಕಾಣಲು ಒಂದು ದಿನದ ಪ್ರಯಾಣ ಮಾಡಬೇಕಾದ ಊರಿನಲ್ಲಿ ಪ್ರತಿ ಜೀಪಿನಿಂದಲೂ ಇಳಿಯುವ ಚಾಕೊಲೇಟು ಒಳ್ಳೆಯ ಕಾಣಿಕೆಯಲ್ಲ. ಅದರ ಹೊಳಪಿನ ಕಾಗದವಂತೂ ಕಸದ ಗಾಡಿ ಬಾರದ ಕಣಿವೆಯಲ್ಲಿ ನದಿಯ ಪಾಲಾಗುತ್ತದೆ. ಎರಡನೆಯದು ಮನೆಯೊಳಗಿನ ಲೆಕ್ಕಾಚಾರ: ಹೊಲದಲ್ಲಿ ದಿನವಿಡೀ ದುಡಿದ ಅಪ್ಪ ಕೊಡಿಸಲಾಗದ್ದನ್ನು ಜೀಪಿನ ಕಿಟಕಿಯಿಂದ ಚಾಚಿದ ಅಪರಿಚಿತ ಕೈ ಅರ್ಧ ನಿಮಿಷದಲ್ಲಿ ಕೊಟ್ಟಾಗ, ಆ ಮನೆಯಲ್ಲಿ ಅಪ್ಪನ ಮಾತಿನ ತೂಕ ಅಷ್ಟು ಕಡಿಮೆಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಅಪರಿಚಿತರು ತಿಂಡಿ ಕೊಟ್ಟರೆ ತೆಗೆದುಕೊಳ್ಳಬೇಡ ಎಂದು ನಮ್ಮ ಮಕ್ಕಳಿಗೆ ನಾವು ಕಲಿಸುತ್ತೇವೆ. ಅಪರಿಚಿತರ ಕೈಯಿಂದ ತಿಂಡಿ ಪಡೆಯುವುದನ್ನು ಬೇರೆಯವರ ಮಕ್ಕಳಿಗೆ ರೂಢಿ ಮಾಡಿಸುತ್ತೇವೆ. ಮಕ್ಕಳ ಸಾಗಣೆಯ ಪಿಡುಗು ಕಂಡಿರುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಮಗು ಕೈ ಚಾಚಿದಾಗ ಏನು ಮಾಡಬೇಕು? ಮುಖ ತಿರುಗಿಸಿಕೊಂಡು ಹೋಗುವುದು ಬೇಡ. ಹುಡುಗನಾದರೆ "ಬಾಬು", ಹುಡುಗಿಯಾದರೆ "ನಾನಿ" ಎಂದು ಕರೆದು, "ತಿಮ್ರೋ ನಾಮ್ ಕೆ ಹೋ?" ಎಂದು ಹೆಸರು ಕೇಳಿ, "ಕತಿ ಕಕ್ಷಾಮಾ ಪಢ್ಛೌ?" ಎಂದು ಎಷ್ಟನೆಯ ತರಗತಿಯೆಂದು ವಿಚಾರಿಸಿ. ನಿಮ್ಮ ಉಚ್ಚಾರ ಕೇಳಿ ಅದು ನಕ್ಕರೆ ಬೇಡುವವರು, ಕೊಡುವವರು ಎಂಬ ಸಂಬಂಧ ಅಲ್ಲಿಗೆ ಮುರಿಯಿತು ಎಂದೇ ತಿಳಿಯಿರಿ. ದೇವನಾಗರಿ ಓದಬಲ್ಲವರು ಮಗುವಿನ ಪಠ್ಯಪುಸ್ತಕದ ಒಂದು ಪುಟವನ್ನು ಅದರ ಜೊತೆ ಓದಬಹುದು. ತಪ್ಪನ್ನು ತಿದ್ದುವುದೆಂದರೆ ಮಕ್ಕಳಿಗೆ ಎಲ್ಲೆಡೆಯೂ ಉತ್ಸಾಹ.

ಎರಡನೆಯ ಹೆಜ್ಜೆ: ಶಾಲೆ ತೆರೆದಿರುತ್ತದೆಯೇ ಎಂದು ನೋಡಿಕೊಳ್ಳಿ

ಇದು ತೀರ ಸರಳ ಸಂಗತಿ, ಆದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ನೇಪಾಳದ ಶೈಕ್ಷಣಿಕ ವರ್ಷ ವಿಕ್ರಮ ಸಂವತ್ಸರದ ಬೈಶಾಖದಲ್ಲಿ, ಅಂದರೆ ಏಪ್ರಿಲ್ ಮಧ್ಯದಲ್ಲಿ ಆರಂಭವಾಗುತ್ತದೆ. ಆಕಾಶ ತಿಳಿಯಾಗಿ ಹಿಮಶಿಖರಗಳು ಚೆನ್ನಾಗಿ ಕಾಣುವ ಅಕ್ಟೋಬರ್ ಪ್ರವಾಸಿಗರ ಸುಗ್ಗಿಯ ತಿಂಗಳು. ಅದೇ ಸಮಯದಲ್ಲಿ ದಶೈಂ ಮತ್ತು ತಿಹಾರ್ ಹಬ್ಬಗಳ ದೀರ್ಘ ರಜೆ ಬರುತ್ತದೆ. ನಮ್ಮ ದಸರಾ, ದೀಪಾವಳಿ ರಜೆಯಲ್ಲಿ ಹೊರಟವರು ಅಲ್ಲಿ ಬೀಗ ಹಾಕಿದ ಶಾಲೆಯ ಮುಂದೆ ಪುಸ್ತಕದ ಗಂಟು ಹಿಡಿದು ನಿಲ್ಲುವುದು ಇದೇ ಕಾರಣಕ್ಕೆ. ಎತ್ತರದ ಊರುಗಳಲ್ಲಿ ಚಳಿಗಾಲದ ರಜೆಯೂ ದೀರ್ಘವಾಗಿರುತ್ತದೆ. ವರ್ಷದ ಕೊನೆಯ ತಿಂಗಳಾದ ಚೈತ್ರದಲ್ಲಿ ಪರೀಕ್ಷೆಯ ಗಡಿಬಿಡಿ.

ಹೀಗಾಗಿ ಶಾಲೆಗೆ ಭೇಟಿ ಕೊಡುವ ಉದ್ದೇಶವಿದ್ದರೆ ತಿಹಾರ್ ಮುಗಿದ ನಂತರದ ನವೆಂಬರ್ ದಿನಗಳು, ಇಲ್ಲವೇ ಹೊಸ ವರ್ಷದ ದಾಖಲಾತಿ ಮುಗಿದ ಮೇಲಿನ ಮೇ ತಿಂಗಳು ಅನುಕೂಲ. ಶನಿವಾರ ವಾರದ ರಜೆ, ಶುಕ್ರವಾರ ಸಾಮಾನ್ಯವಾಗಿ ಅರ್ಧ ದಿನ. ಉಳಿದ ದಿನಗಳಲ್ಲಿ ಶಾಲೆಯ ಸಮಯ ಹೆಚ್ಚಾಗಿ ಬೆಳಿಗ್ಗೆ 10ರಿಂದ ಸಂಜೆ 4.

ಮೂರನೆಯ ಹೆಜ್ಜೆ: ಕೇಳದೆ ಏನನ್ನೂ ಕೊಳ್ಳಬೇಡಿ

ನೇಪಾಳದಲ್ಲಿ "ಸಾಮುದಾಯಿಕ ವಿದ್ಯಾಲಯ" ಎಂದರೆ ನಮ್ಮ ಸರ್ಕಾರಿ ಶಾಲೆಯಂಥದ್ದು. "ಬೋರ್ಡಿಂಗ್" ಎಂದು ಕರೆಯಲಾಗುವುದು ಹೆಚ್ಚಾಗಿ ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಾಲೆ. ಮಕ್ಕಳು ಅಲ್ಲಿಯೇ ಉಳಿದುಕೊಳ್ಳುತ್ತಾರೆಂದು ಆ ಹೆಸರಿನಿಂದ ಭಾವಿಸಬೇಕಿಲ್ಲ. ಸಾಮುದಾಯಿಕ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕವನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. 5ನೆಯ ತರಗತಿಯವರೆಗೆ ಮಧ್ಯಾಹ್ನದ ತಿಂಡಿಗೆ ಸರ್ಕಾರದ ಅನುದಾನವಿದೆ. ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಒದಗಿಸುವ ಯೋಜನೆಯೂ ಇದೆ. ಯೋಜನೆ ಇರುವುದು ಬೇರೆ, ಸಾಮಾನು ಸಮಯಕ್ಕೆ ಬಂದು ತಲುಪುವುದು ಬೇರೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಿಲ್ಲ. ಆದ್ದರಿಂದಲೇ "ಬಡ ಶಾಲೆ, ಏನು ಕೊಟ್ಟರೂ ಬೇಕು" ಎಂಬ ಊಹೆಯನ್ನು ಬಿಟ್ಟು, ನಿರ್ದಿಷ್ಟವಾಗಿ ಈ ಶಾಲೆಯಲ್ಲಿ ಈ ವರ್ಷ ಏನು ಕೊರತೆಯಿದೆ ಎಂದು ಕೇಳಬೇಕು.

ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅನ್ನಪೂರ್ಣದ ಪಕ್ಕದ ಲಮ್ಜುಂಗ್ ಜಿಲ್ಲೆಯಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. 1998ರಲ್ಲಿ ಅಲ್ಲಿ ಚಾರಣಕ್ಕೆ ಬಂದ ಅಮೆರಿಕದ ಜಾನ್ ವುಡ್ ಅವರು ಬಾಹುನ್‌ಡಾಂಡಾ ಎಂಬ ಊರಿನ ಶಾಲೆಗೆ ಹೋದಾಗ, ಗ್ರಂಥಾಲಯವೆಂದು ತೋರಿಸಿದ ಕೋಣೆಯಲ್ಲಿದ್ದದ್ದು ಪ್ರವಾಸಿಗರು ಓದಿ ಬಿಟ್ಟುಹೋದ ಬೆರಳೆಣಿಕೆಯ ಪುಸ್ತಕಗಳು. ಅವು ಮಕ್ಕಳ ವಯಸ್ಸಿಗೆ ಹೊಂದುವಂಥವಲ್ಲ. ಹಾಗಿದ್ದೂ ಹಾಳಾದಾವೆಂಬ ಭಯದಿಂದ ಅವುಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಶಾಲೆಗಳಿಗೆ ಗ್ರಂಥಾಲಯ ಮಾಡಿಕೊಡುವ, 2000ದಲ್ಲಿ ಆರಂಭವಾದ ರೂಮ್ ಟು ರೀಡ್ ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು ಆ ಬೀರು. ಮುಂದೆ ಅದು ನೇಪಾಳಿ ಭಾಷೆಯಲ್ಲಿಯೇ ಮಕ್ಕಳ ಪುಸ್ತಕಗಳನ್ನು ಬರೆಸಿ ಪ್ರಕಟಿಸುವ ಕೆಲಸಕ್ಕೂ ಇಳಿಯಿತು. ಆ ಪುಸ್ತಕಗಳನ್ನು ಬಿಟ್ಟುಹೋದ ಪ್ರವಾಸಿಗರಲ್ಲಿ ಪ್ರತಿಯೊಬ್ಬರೂ ತಾವು ಒಂದು ಒಳ್ಳೆಯ ಕೆಲಸ ಮಾಡಿದೆವೆಂದುಕೊಂಡೇ ಮುಂದೆ ನಡೆದಿರಬೇಕು.

ಕೇಳಿ ಕೊಟ್ಟದ್ದಕ್ಕೆ ಉದಾಹರಣೆ ಎವರೆಸ್ಟ್ ಕಡೆಯದು. ಎಡ್ಮಂಡ್ ಹಿಲರಿ ಅವರು ನಿಮಗೇನು ಬೇಕು ಎಂದು ಶೆರ್ಪಾ ಜನರನ್ನು ಕೇಳಿದಾಗ ಅವರು ಕೇಳಿದ್ದು ಮಕ್ಕಳಿಗೊಂದು ಶಾಲೆಯನ್ನು. 1961ರಲ್ಲಿ ತೆರೆದ ಖುಮ್ಜುಂಗ್ ಶಾಲೆ ಇಂದಿಗೂ ನಡೆಯುತ್ತಿದೆ. ನಮ್ಮ ಕೈಯಲ್ಲಿ ಶಾಲೆ ಕಟ್ಟಲಾಗುವುದಿಲ್ಲ, ನಿಜ. ಕೇಳುವುದಂತೂ ಸಾಧ್ಯ.

ಯಾರನ್ನು ಕೇಳಬೇಕು? ನಿಮ್ಮ ಗೈಡ್ ಅಥವಾ ಚಾಲಕ ಆ ಸೀಮೆಯವರಾಗಿದ್ದರೆ ಅವರ ಊರಿನ ಶಾಲೆಯ ಮೇಷ್ಟ್ರ ಫೋನ್ ಸಂಖ್ಯೆ ಅವರಲ್ಲಿರುತ್ತದೆ. ಊಟದ ಲಾಡ್ಜ್ ನಡೆಸುವ ದಿದಿ (ಅಕ್ಕ) ಅಥವಾ ದಾಯಿ (ಅಣ್ಣ) ಅವರ ಮಕ್ಕಳು ಯಾವುದೋ ಶಾಲೆಗೆ ಹೋಗುತ್ತಿರುತ್ತಾರೆ. ಹೊರಡುವ ಕೆಲವು ವಾರ ಮೊದಲೇ ಪ್ರಧಾನಾಧ್ಯಾಪಕರ ಜೊತೆ ಮಾತಾಡಿಸಿ ಎಂದು ಕೇಳಿಕೊಳ್ಳಿ. ಹಿಂದಿ ಇಬ್ಬರಿಗೂ ಅರ್ಧಂಬರ್ಧ ಬಂದರೂ ಮಾತು ಸಾಗುತ್ತದೆ. ಒಟ್ಟು ಮಕ್ಕಳೆಷ್ಟು, ತರಗತಿವಾರು ಎಷ್ಟು, ಕಳೆದ ವರ್ಷ ಪ್ರವಾಸಿಗರಿಂದ ಏನೇನು ಬಂದಿತ್ತು, ಅದರಲ್ಲಿ ಬಳಕೆಯಾದದ್ದೆಷ್ಟು, ಈಗ ನಿಜವಾಗಿ ತೊಂದರೆಯಾಗಿರುವುದು ಯಾವುದರಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಮಕ್ಕಳ ಸಂಖ್ಯೆಯನ್ನು ಕೇಳದೆ 60 ಪೆನ್ನು ಒಯ್ದವರಿಗೆ 85 ಮಕ್ಕಳ ಶಾಲೆ ಎದುರಾದರೆ ಉಳಿದ 25 ಮಕ್ಕಳ ಮುಖವನ್ನು ಅವರೇ ನೋಡಬೇಕಾಗುತ್ತದೆ.

ಇನ್ನೊಂದು ಮಾತು. ಹೆದ್ದಾರಿಯ ಪಕ್ಕದ ಶಾಲೆಗೆ ಪ್ರತಿ ಗುಂಪಿನವರೂ ನಿಲ್ಲುತ್ತಾರೆ; ಮುಕ್ತಿನಾಥವಿರುವ ಮುಸ್ತಾಂಗ್ ಜಿಲ್ಲೆಯ ಹಲವು ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯೇ ತೀರ ಕಡಿಮೆಯಿದೆ, ಏಕೆಂದರೆ ಅನುಕೂಲವಿರುವ ಮನೆಯವರು ಪೊಖರಾ, ಕಾಠ್ಮಂಡುಗಳಿಗೆ ಮಕ್ಕಳನ್ನು ಓದಲು ಕಳಿಸಿಬಿಡುತ್ತಾರೆ. ರಸ್ತೆಗೆ ಕಾಣದ, ಕೆಳಗಿನ ಮ್ಯಾಗ್ದಿ, ಪರ್ವತ್ ಜಿಲ್ಲೆಗಳ ಬೆಟ್ಟದ ಶಾಲೆಗಳಿಗೆ ಪ್ರವಾಸಿಗರು ಹೋಗುವುದು ಕಡಿಮೆ. ಗೈಡ್‌ಗೆ ಇದನ್ನು ಹೇಳಿ ಶಾಲೆಯನ್ನು ಆರಿಸಿಕೊಳ್ಳುವುದು ಉತ್ತಮ.

ನಾಲ್ಕನೆಯ ಹೆಜ್ಜೆ: ಅಲ್ಲಿಯೇ ಕೊಳ್ಳಿ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಗಟು ದರಕ್ಕೆ ನೋಟ್‌ಬುಕ್ ಸಿಗುತ್ತದೆ ಎಂಬ ಆಸೆಗೆ ಬೀಳಬೇಡಿ. ಒಂದೇ ಬಗೆಯ ನೂರಾರು ವಸ್ತುಗಳನ್ನು ಕಂಡರೆ ಗಡಿಯ ಸುಂಕದವರು ಅದನ್ನು ವ್ಯಾಪಾರದ ಸರಕೆಂದು ತಿಳಿಯಬಹುದು. ಪೊಖರಾದಿಂದ ಜೋಮ್‌ಸೋಮ್‌ಗೆ ಹಾರುವ ಸಣ್ಣ ವಿಮಾನಗಳಲ್ಲಿ ಕೈಚೀಲವೂ ಸೇರಿ ಸುಮಾರು 15 ಕಿಲೋ ಮಾತ್ರ ಒಯ್ಯಲು ಬಿಡುತ್ತಾರೆ. ಇವೆರಡಕ್ಕಿಂತ ಮುಖ್ಯವಾದದ್ದು, ಅಲ್ಲಿನ ಅಂಗಡಿಯವನ ವ್ಯಾಪಾರವನ್ನು ನಾವು ಕಸಿದುಕೊಳ್ಳಬಾರದು ಎಂಬುದು. ಅವನ ಮಗಳೂ ಅದೇ ಶಾಲೆಯಲ್ಲಿ ಓದುತ್ತಿರಬಹುದು. ಭಾರತದ ಒಂದು ರೂಪಾಯಿಗೆ ನೇಪಾಳದ 1 ರೂಪಾಯಿ 60 ಪೈಸೆ ಎಂಬ ವಿನಿಮಯ ದರ 1993ರಿಂದ ಬದಲಾಗದೆ ಇರುವುದರಿಂದ ಲೆಕ್ಕವೂ ಸುಲಭ. ಕಾಠ್ಮಂಡುವಿನಲ್ಲಿ ಪುಸ್ತಕಕ್ಕೆ ಭೋಟಾಹಿಟಿ, ಬಾಗ್‌ಬಜಾರ್ ಕಡೆ ಹೋಗಿ. ಪೊಖರಾದಲ್ಲಿ ಚಿಪ್ಲೇಢುಂಗಾ, ಮಹೇಂದ್ರಪುಲ್ ಪೇಟೆಗಳಿವೆ.

ಏನನ್ನು ಕೊಳ್ಳಬೇಕೆಂಬುದು ಪ್ರಧಾನಾಧ್ಯಾಪಕರ ಪಟ್ಟಿಯನ್ನು ಅವಲಂಬಿಸಿದೆಯಾದರೂ ಕೆಲವು ವಸ್ತುಗಳು ಸಾಮಾನ್ಯವಾಗಿ ಉಪಯೋಗಕ್ಕೆ ಬರುತ್ತವೆ. ಇಡೀ ಶಾಲೆ ಹಂಚಿಕೊಳ್ಳುವಂಥವು ಒಬ್ಬೊಬ್ಬರಿಗೆ ಸಿಗುವಂಥವುಗಳಿಗಿಂತ ಮೇಲು: ನೇಪಾಳಿ ಕಥೆಪುಸ್ತಕಗಳು, ನೇಪಾಳಿ–ಇಂಗ್ಲಿಷ್ ನಿಘಂಟು, ವೈಟ್‌ಬೋರ್ಡ್ ಪೆನ್ನು ಮತ್ತು ಅದರ ಶಾಯಿ, ಕಪ್ಪುಹಲಗೆಗೆ ಬಣ್ಣ, ವಿಜ್ಞಾನದ ಪ್ರಯೋಗಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು, ಕುಡಿಯುವ ನೀರಿನ ಫಿಲ್ಟರ್. ವಾಲಿಬಾಲ್ 2017ರಿಂದ ನೇಪಾಳದ ರಾಷ್ಟ್ರೀಯ ಕ್ರೀಡೆ. ಒಂದು ಬಲೆ, ಎರಡು ಚೆಂಡು, ಜೊತೆಗೆ ಗಾಳಿ ತುಂಬುವ ಪಂಪು ಕೊಟ್ಟರೆ ಇಡೀ ಶಾಲೆ ವರ್ಷಗಟ್ಟಲೆ ಆಡುತ್ತದೆ. ಪಂಪನ್ನು ಮರೆತರೆ ಎರಡೇ ತಿಂಗಳಲ್ಲಿ ಚೆಂಡು ಮೂಲೆ ಸೇರುತ್ತದೆ.

ಬೇಡವಾದವುಗಳ ಪಟ್ಟಿಯಲ್ಲಿ ಮಿಠಾಯಿ, ಬಲೂನು, ಬ್ಯಾಟರಿ ಆಟಿಕೆಗಳು, ಬಳಸಿದ ಬಟ್ಟೆಗಳು ಮೊದಲು ಬರುತ್ತವೆ. ಮಿಕ್ಕ ಮಾತ್ರೆಗಳನ್ನು ಶಾಲೆಗೆ ಕೊಟ್ಟು ಬರುವುದು ಅಪಾಯಕರ. ಅಗತ್ಯವಿದ್ದರೆ ಅದು ಆರೋಗ್ಯ ಕೇಂದ್ರದ ಕೆಲಸ. ಭಾರತದಿಂದ ಹೋಗುವ ನಮಗೆ ಮಾತ್ರ ಅನ್ವಯಿಸುವ ಎರಡು ಎಚ್ಚರಿಕೆಗಳನ್ನು ಇಲ್ಲಿ ಸೇರಿಸಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಭೂಪಟ, ಗ್ಲೋಬ್, ಅಟ್ಲಾಸ್‌ಗಳನ್ನು ಒಯ್ಯಲೇಬೇಡಿ. ಕಾಲಾಪಾನಿ, ಲಿಪುಲೇಖ್, ಲಿಂಪಿಯಾಧುರಾ ಪ್ರದೇಶಗಳನ್ನು ಒಳಗೊಂಡ ತನ್ನ ಭೂಪಟವನ್ನು ನೇಪಾಳ 2020ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ನಮ್ಮ ಭೂಪಟ ಬೇರೆ ರೀತಿ ತೋರಿಸುತ್ತದೆ. ಅದನ್ನು ತರಗತಿಯ ಗೋಡೆಗೆ ತೂಗುಹಾಕಲು ಕೊಟ್ಟರೆ ಮೇಷ್ಟ್ರನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ. ಹಾಗೆಯೇ ಮಹಾಪುರುಷರ ಚಾರ್ಟುಗಳಲ್ಲಿ ಬುದ್ಧನನ್ನು ಭಾರತದಲ್ಲಿ ಹುಟ್ಟಿದವನೆಂದು ಮುದ್ರಿಸಿದ್ದರೆ, ಲುಂಬಿನಿ ಇರುವ ದೇಶದ ಮಕ್ಕಳು ಅದನ್ನು ಗಮನಿಸದೆ ಬಿಡುವುದಿಲ್ಲ.

ಐದನೆಯ ಹೆಜ್ಜೆ: ಕಚೇರಿಯಲ್ಲಿ ಕೊಡಿ, ಅಂಗಳದಲ್ಲಿ ಬೇಡ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಗೋಡೆ ಗಡಿಯಾರದ ಮೇಲೂ ಬೀರುವಿನ ಬಾಗಿಲ ಮೇಲೂ ದಾನಿಗಳ ಹೆಸರು ಕೆಂಪು ಬಣ್ಣದಲ್ಲಿ ಬರೆದಿರುವುದನ್ನು ನೋಡಿ ಬೆಳೆದವರು ನಾವು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬರನ್ನೇ ಕರೆದು, ಬ್ಯಾಗನ್ನು ಕೈಯಲ್ಲಿ ಹಿಡಿದು ಕ್ಯಾಮೆರಾದತ್ತ ನೋಡುವವರೆಗೂ ಬಿಡದೆ ನಿಲ್ಲಿಸಿಕೊಳ್ಳುವ ವಿತರಣಾ ಸಮಾರಂಭದಲ್ಲಿ ಬ್ಯಾಗಿಗಾಗಿ ಕಾದು ಕೂತವರೂ ನಮ್ಮಲ್ಲಿ ಇದ್ದೀರಿ. ಆ ಪದ್ಧತಿಯನ್ನು ಹಿಮಾಲಯಕ್ಕೆ ಒಯ್ಯುವುದು ಬೇಡ.

ತಂದ ಸಾಮಾನನ್ನು ಪ್ರಧಾನಾಧ್ಯಾಪಕರ ಕೊಠಡಿಯಲ್ಲಿ, ಸಾಧ್ಯವಾದರೆ "ವಿದ್ಯಾಲಯ ವ್ಯವಸ್ಥಾಪನ ಸಮಿತಿ"ಯ ಒಬ್ಬ ಸದಸ್ಯರ ಎದುರು ಒಪ್ಪಿಸಿ. ನಮ್ಮಲ್ಲಿನ ಎಸ್‌ಡಿಎಂಸಿ ಇದ್ದಂತೆ ಅದು ಪೋಷಕರು ಇರುವ ಸಮಿತಿ. ಸಾಮಾನನ್ನು ರಿಜಿಸ್ಟರಿನಲ್ಲಿ ನಮೂದಿಸಿಕೊಳ್ಳಲು ಹೇಳಿ, ರಸೀದಿ ಪಡೆಯಿರಿ. ಇದು ಅಪನಂಬಿಕೆಯ ಮಾತಲ್ಲ. ಲೆಕ್ಕಕ್ಕೆ ಸೇರಿದ ವಸ್ತು ಶಾಲೆಯ ಆಸ್ತಿಯಾಗುತ್ತದೆ, ಮುಂದಿನ ಮೇಷ್ಟ್ರು ಬಂದಾಗಲೂ ಅದು ಅಲ್ಲಿಯೇ ಇರಬೇಕಾಗುತ್ತದೆ. ಯಾವ ಮಗುವಿಗೆ ಯಾವಾಗ ಏನು ಕೊಡಬೇಕೆಂಬುದನ್ನು ಅವರಿಗೆ ಬಿಡಿ. ಮಗು ನೋಟ್‌ಬುಕ್ ಪಡೆಯುವುದು ತನ್ನ ಮೇಷ್ಟ್ರ ಕೈಯಿಂದಾದರೆ ಅದು ಕಲಿಕೆಯ ಭಾಗ. ನಿಮ್ಮ ಕೈಯಿಂದಾದರೆ ಅದು ದಾನ.

ಬಂದವರಿಗೆ ಖಾದಾ ಎಂಬ ಗೌರವದ ವಸ್ತ್ರ ಹೊದಿಸಿ, ಟೀಕಾ ಇಟ್ಟು, ಹಾಡು ಹೇಳಿಸಿ ಸ್ವಾಗತಿಸುವ ರೂಢಿ ಹಲವು ಶಾಲೆಗಳಲ್ಲಿದೆ. ಪಾಠ ನಿಲ್ಲಿಸುವುದು ಬೇಡ, ಮಧ್ಯಾಹ್ನದ ಬಿಡುವಿನಲ್ಲಿ ಬರುತ್ತೇವೆ ಎಂದು ಮೊದಲೇ ತಿಳಿಸಿದರೆ ಅವರಿಗೂ ಭಾರವಾಗುವುದಿಲ್ಲ. ಮಕ್ಕಳ ಫೋಟೋ ತೆಗೆಯುವ ಮೊದಲು ಶಿಕ್ಷಕರ ಒಪ್ಪಿಗೆ ಬೇಕು. ಮಗುವಿನ ಮುಖ, ಹೆಸರು, ಶಾಲೆಯ ಫಲಕ ಮೂರನ್ನೂ ಕೂಡಿಸಿ ಫೇಸ್‌ಬುಕ್ಕಿನಲ್ಲಿ ಹಾಕುವುದಂತೂ ಸರಿಯಲ್ಲ. ನಮ್ಮ ಊರಿನ ಶಾಲೆಗೆ ಗುರುತಿಲ್ಲದ ಹತ್ತು ಜನ ನುಗ್ಗಿ ನಮ್ಮ ಮಗಳ ಫೋಟೋ ತೆಗೆದುಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೇ? ದಾರಿಯಲ್ಲಿ ಯಾವುದಾದರೂ ಮಗು ಅಪಾಯದಲ್ಲಿರುವಂತೆ ಕಂಡರೆ ಕರೆ ಮಾಡಬೇಕಾದ ಸಂಖ್ಯೆ 1098. ಭಾರತದ ಮಕ್ಕಳ ಸಹಾಯವಾಣಿಯ ಸಂಖ್ಯೆಯೇ ನೇಪಾಳದ್ದೂ ಆಗಿರುವುದರಿಂದ ನೆನಪಿನಲ್ಲಿ ಉಳಿಯುತ್ತದೆ.

ಹಣ ಕೊಡುವುದಾದರೆ

ನಗದನ್ನು ಒಬ್ಬರ ಕೈಗೆ ಕೊಡಬೇಡಿ, ಅವರೆಷ್ಟೇ ಸಜ್ಜನರಾಗಿ ಕಂಡರೂ. ಶಾಲೆಯ ಹೆಸರಿನ ಬ್ಯಾಂಕ್ ಖಾತೆಗೆ ಕಟ್ಟಿ, ಯಾವ ಕೆಲಸಕ್ಕೆಂದು ಬರೆದು ಕೊಡಿ. ಸಂಸ್ಥೆಯ ಮೂಲಕ ಕೊಡುವವರು ಅದು ನೇಪಾಳದ ಸಮಾಜ ಕಲ್ಯಾಣ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. ಆದಾಯ ತೆರಿಗೆಯ 80ಜಿ ವಿನಾಯಿತಿ ಭಾರತದಲ್ಲಿ ಅನುಮೋದನೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗಷ್ಟೇ ಸಿಗುತ್ತದೆ. ನೇಪಾಳದ ಶಾಲೆಗೆ ಕೊಟ್ಟ ಹಣಕ್ಕೆ ಅದನ್ನು ನಿರೀಕ್ಷಿಸುವಂತಿಲ್ಲ.

ಅನಾಥಾಲಯ ಭೇಟಿಯನ್ನು ಪ್ಯಾಕೇಜಿನಲ್ಲಿ ಸೇರಿಸಿ ಯಾರಾದರೂ ಆಹ್ವಾನಿಸಿದರೆ ನಯವಾಗಿ ನಿರಾಕರಿಸಿ. ನೇಪಾಳದ ಬಾಲಗೃಹಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ ದೂರದ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ಪ್ರವಾಸಿಗರು ಬರುವ ಊರುಗಳಲ್ಲಿ ಇಟ್ಟುಕೊಳ್ಳುವ ದಂಧೆಯ ಬಗ್ಗೆ ಅಲ್ಲಿನ ಸರ್ಕಾರವೂ ಯುನಿಸೆಫ್ ಕೂಡ ಎಚ್ಚರಿಸುತ್ತ ಬಂದಿವೆ. ಅಂಥ ಮನೆಗೆ ಹೋಗುವ ಪ್ರತಿ ಅಕ್ಕಿಮೂಟೆಯೂ ಇನ್ನೊಂದು ಮಗುವನ್ನು ಅದರ ಹೆತ್ತವರಿಂದ ದೂರಮಾಡಲು ಕಾರಣವಾಗಬಹುದು.

ಹಿಂದಿರುಗಿದ ಮೇಲೆ, ಇಲ್ಲವೇ ಏನೂ ಬೇಡವೆಂದಾಗ

ಮೂರು ತಿಂಗಳ ನಂತರ ಪ್ರಧಾನಾಧ್ಯಾಪಕರಿಗೆ ಒಮ್ಮೆ ಫೋನ್ ಮಾಡಿ. ಕೊಟ್ಟದ್ದರಲ್ಲಿ ಏನು ಬಳಕೆಯಾಯಿತು, ಏನು ಮುರಿಯಿತು ಎಂದು ಕೇಳಿ. ಮುಂದಿನ ವರ್ಷ ಹೊರಡುವ ಗುಂಪಿಗೆ ಅದೇ ಶಾಲೆಯ ಸಂಖ್ಯೆಯನ್ನು ದಾಟಿಸಿ. ಒಂದೇ ಶಾಲೆಗೆ ಐದು ವರ್ಷ ಸ್ವಲ್ಪಸ್ವಲ್ಪ ಕೊಡುವುದು ಐದು ಶಾಲೆಗಳಿಗೆ ಒಂದೊಂದು ಸಲ ಕೊಡುವುದಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಸದ್ಯಕ್ಕೆ ಏನೂ ಬೇಡ ಎಂದು ಅವರು ಹೇಳಿದರೆ ನಂಬಿ. ಚೀಲದಲ್ಲಿ ಉಳಿದ ಜಾಗವನ್ನು ಬರುವಾಗ ತುಂಬಿಕೊಳ್ಳಬಹುದು: ಜೋಮ್‌ಸೋಮ್‌ನಿಂದ ಇಳಿಯುವಾಗ ಸಿಗುವ ಮಾರ್ಫಾ ಊರು ಸೇಬಿಗೆ ಹೆಸರಾದದ್ದು. ಕಲ್ಲುಹಾಸಿನ ಓಣಿಯಲ್ಲಿ ಹೆಂಗಸರು ಒಣಗಿಸಿದ ಸೇಬಿನ ಹೋಳುಗಳನ್ನು ಪೊಟ್ಟಣ ಕಟ್ಟಿ ಮಾರುತ್ತಿರುತ್ತಾರೆ. ಚೌಕಾಸಿ ಮಾಡದೆ ನಾಲ್ಕು ಪೊಟ್ಟಣ ಕೊಂಡುಕೊಳ್ಳಿ. ಸಂಜೆ ಶಾಲೆ ಬಿಟ್ಟು ಬರುವ ಮಗಳಿಗೆ ಪೆನ್ನು ಬೇಕೋ ನೋಟ್‌ಬುಕ್ ಬೇಕೋ ಎಂಬುದು ಆ ತಾಯಿಗೆ ಗೊತ್ತಿರುತ್ತದೆ.